ಆನೆಮರಿಗೆ ಫೇಟಾ

ಗಡಿಯಾಚೆ ಮರಾಠಿ ಸೀಮೆಯ ಉಟಗಿ ಹತ್ತಿರದ ಒಂದು ಕನ್ನಡ ಶಾಲೆಯ ಮಕ್ಕಳಿಗೆ ಶಿವಪುತ್ರ ಮಾಸ್ತರರ ಕತೆಗಳೆಂದರೆ ಪ್ರಾಣ. ಅವನ್ನೆಲ್ಲ ಮಾಸ್ತರರೇ ಕಟ್ಟುತ್ತಾರೆಂದು ಊರು ನಂಬಿತ್ತು. ಅಲ್ಲವೆಂದು ಮಾಸ್ತರರೂ ಎಂದೂ ಹೇಳಿರಲಿಲ್ಲ. ಕತೆಗಳೆಲ್ಲ ವಿಜಯಪುರದ ಲೇಖಕಿ ಶಾಂತಾದೇವಿಯವರ ಪುಸ್ತಕದವು. ಅಲ್ಲಿಯ ಆನೆಮರಿ ಇಲ್ಲಿ ಕುರಿಮರಿಯಾಗಿತ್ತು, ರೈಲು ಎಸ್.ಟಿ. ಬಸ್ಸಾಗಿತ್ತು, ಅಷ್ಟೇ.

ಶಾಲಾ ಸಮಿತಿಯ ಅಧ್ಯಕ್ಷ ಅಣ್ಣಾರಾಯ ಯಾರನ್ನೂ ಕೇಳದೆ ಅದೇ ಶಾಂತಾದೇವಿಯವರನ್ನು ಮಕ್ಕಳಿಗೆ ಕತೆ ಹೇಳಲು ಕರೆಸಿಬಿಟ್ಟ. ಬಸ್ಸಿಳಿದ ಅವರು, ಆನೆಮರಿ ರೈಲು ಹತ್ತಿದ ಕತೆ ಹೇಳುತ್ತೇನೆ ಎಂದಾಗ ಮಾಸ್ತರರ ಕೈಯಲ್ಲಿದ್ದ ಹಾರ ಜಾರಿ ಬಿತ್ತು. ಇದು ನಮ್ಮ ಮಾಸ್ತರರ ಕತೆ ಎಂದು ಮಕ್ಕಳು ಕೂಗಿದರೆ ಮಾನ ಮೂರು ಕಾಸಿಗೆ ಹರಾಜು.

ಕಾಪಾಡಲು ಇದ್ದದ್ದು ಸತ್ಕಾರ ಒಂದೇ. ಅದನ್ನು ಸಂಜೆಯ ಬಸ್ಸಿನವರೆಗೆ ಎಳೆದರೆ ಕತೆಗೆ ಹೊತ್ತೇ ಉಳಿಯದು. ಆ ಸೀಮೆಯಲ್ಲಿ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ ಆಗದೆ ಅತಿಥಿ ಬಾಯಿ ಬಿಡುವಂತಿಲ್ಲ. ಅತಿಥಿಗೆ ಆದದ್ದು ಅಧ್ಯಕ್ಷನಿಗೂ ಆಗಬೇಕು, ಅವನಿಗಾದರೆ ಮಾಜಿ ಅಧ್ಯಕ್ಷ ಮುನಿಯುತ್ತಾನೆ. ಪ್ರತಿವರ್ಷ ಇದನ್ನು ಬೈಯುತ್ತಿದ್ದ ಮಾಸ್ತರರು ಇಂದು ತಾವೇ ಮೈಕು ಹಿಡಿದು ಸಿಕ್ಕವರನ್ನೆಲ್ಲ ವೇದಿಕೆಗೆ ಕರೆದರು. ಅಡುಗೆಯ ಹಾಲವ್ವನಿಗೆ ಶಾಲು, ಮೈಕಿನವನಿಗೆ ಫೇಟಾ. ಬಟ್ಟೆ ಮುಗಿದಾಗ ಒಬ್ಬರ ತಲೆಯದನ್ನು ಬಿಚ್ಚಿ ಇನ್ನೊಬ್ಬರಿಗೆ ಸುತ್ತಿದರು. ಬೇಲಿಯಾಚೆ ಇಣುಕಿದ ಕುರುಬರ ಅಮಸಿದ್ದನಿಗೆ ಅವನ ರುಮಾಲಿನ ಮೇಲೆಯೇ ಫೇಟಾ ಏರಿತು.

"ಮಾಸ್ತರ, ನನ್ನ ಕುರಿ ಅತ್ಲಾಗ ಹೊಂಟಾವ್ರಿ," ಎಂದರೂ ಬಿಡಲಿಲ್ಲ.

ಕೊನೆಗೆ ಸಂಜೆಯ ಬಸ್ಸಿನ ಹಾರ್ನ್ ಕೇಳಿಸಿತು. ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಆದರೆ ಸತ್ಕಾರದ ರುಚಿ ಹತ್ತಿದ ಅಣ್ಣಾರಾಯ ಬಸ್ಸಿನ ಡ್ರೈವರನನ್ನೂ ವೇದಿಕೆಗೆ ಎಳೆದು ತಂದ. ಬಸ್ಸು ನಿಂತೇ ಬಿಟ್ಟಿತು.

ಶಾಂತಾದೇವಿ ಮೈಕಿಗೆ ಬಂದರು. "ಮುಂಜಾನಿಂದ ದೊಡ್ಡವರನ್ನ ನೋಡೂದs ಆತು. ಇವರಿಗೆ ಫೇಟಾ ಸುತ್ತೂತನಕ ಮಕ್ಕಳು ಒಂದು ಕತಿ ಹೇಳ್ರಿ."

ನಾಲ್ಕನೆಯ ಇಯತ್ತೆಯ ನಂದಾ ಎದ್ದವಳೇ ಬಸ್ಸು ಹತ್ತಿದ ಕುರಿಮರಿಯ ಕತೆಯನ್ನು ಉಸಿರು ಬಿಡದೆ ಹೇಳಿ ಮುಗಿಸಿದಳು. ಯಾರ ಕತೆ ಎಂದು ಕೇಳಿದರೆ, ನಮ್ಮ ಮಾಸ್ತರರು ಕಟ್ಟಿದ್ದು ಎಂದಳು. ಊರೇ ಚಪ್ಪಾಳೆ ತಟ್ಟಿತು.

ಶಾಂತಾದೇವಿ ಮಾಸ್ತರರ ಕಿವಿಯ ಬಳಿ ಬಾಗಿದರು. "ನಮ್ಮ ಆನಿಮರಿ ನಿಮ್ಮೂರಾಗ ಭಾಳ ಸೊರಗ್ಯದಲ್ರಿ."

ಮಾಸ್ತರರಿಗೆ ನಾಚಿಕೆಯಿಂದ ಪ್ರಾಣವೇ ಬೇಡವಾಯಿತು. ಆದರೂ ಊರಿಗೆ ಹೇಳಲಿಲ್ಲವಲ್ಲ, ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅಣ್ಣಾರಾಯ ಡ್ರೈವರನ ಫೇಟಾ ಬಿಚ್ಚಿ ಮಾಸ್ತರರ ತಲೆಗೇ ಸುತ್ತಿದ. ಮುಂದಿನ ತಿಂಗಳು ದರಿಬಡಚಿ ಊರಿನ ಶಾಲೆಯ ಮಕ್ಕಳಿಗೆ ನಮ್ಮ ಮಾಸ್ತರರೇ ಅತಿಥಿ, ಯಾರೂ ಕೇಳದ ಹೊಸ ಕತೆ ಕಟ್ಟಿ ಹೇಳುತ್ತಾರೆ ಎಂದು ಸಾರಿಯೂ ಬಿಟ್ಟ.

ಜನ್ಮದಲ್ಲಿ ಅರ್ಧ ಕತೆಯನ್ನೂ ಕಟ್ಟದ ಮಾಸ್ತರರು ಬಸ್ಸಿನವರೆಗೂ ಶಾಂತಾದೇವಿಯವರ ಹಿಂದೆ ಓಡಿದರು. ಅವರು ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು.

"ಹೆದರಬ್ಯಾಡ್ರಿ ಮಾಸ್ತರ. ಅವತ್ತು ನಾನೂ ಬರ್ತೀನಿ, ಮುಂದs ಕುಂದರ್ತೀನಿ."