ಮೊದಲು ‘ಮತ್ತು’, ಆಮೇಲೆ ‘ಅಥವಾ’

ಗುರುಬಸವರಾಜ್ ಮರೆತದ್ದು ಎರಡು ಆವರಣ ಚಿಹ್ನೆ, ಅಷ್ಟೆ. ಅದರಿಂದ ಹೊನ್ನಾಳಿಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಮುನ್ನೂರ ಹನ್ನೆರಡು ಜನ ಒಟ್ಟಿಗೇ ತೀರಿಕೊಂಡರು.

ನಿವೃತ್ತ ನೌಕರರ ಸಂಘದ ಕಂಪ್ಯೂಟರಿನ ಮುಂದೆ ಅವನು ಕೂತು ಅಂದಿಗೆ ಮೂರು ತಿಂಗಳು. ಸಂಜೆಯ ಶ್ರದ್ಧಾಂಜಲಿ ಸಭೆ ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ ಎಂದು ಕಾರ್ಯದರ್ಶಿ ಮಲ್ಲೇಶಪ್ಪ ಮಾತು ಕೊಟ್ಟಿದ್ದರು. ನ್ಯಾಮತಿ ಬೇರೆ ತಾಲ್ಲೂಕಾದರೂ ಸಂಘ ಒಂದೇ ಉಳಿದಿತ್ತು. ಎರಡೂ ಕಡೆಯ ಮೃತರ ಮನೆಗಳಿಗೆ ‘ಫೋಟೋ ತನ್ನಿ’ ಎಂಬ ಸಂತಾಪ ಸಂದೇಶ ಹೋಗಲೆಂದು ‘ಹೊನ್ನಾಳಿ ಅಥವಾ ನ್ಯಾಮತಿ ಮತ್ತು ಮೃತರು’ ಎಂದು ಹೆಸರು ಆರಿಸುವ ಷರತ್ತು ಬರೆದ. ಕಂಪ್ಯೂಟರು ‘ಮತ್ತು’ವನ್ನು ಮೊದಲು ನೋಡುತ್ತದೆ, ‘ಅಥವಾ’ವನ್ನು ಆಮೇಲೆ. ಹೀಗಾಗಿ ನ್ಯಾಮತಿಯಲ್ಲಿ ಮೃತರನ್ನಷ್ಟೇ ಆರಿಸಿಕೊಂಡಿತು. ಹೊನ್ನಾಳಿಯಲ್ಲಿ ಒಬ್ಬರನ್ನೂ ಬಿಡಲಿಲ್ಲ.

ಮೊದಲ ಫೋನು ನಿವೃತ್ತ ನರ್ಸ್ ನಾಗರತ್ನಮ್ಮನದು. “ನನ್ನ ಅಗಲಿಕೆಗೆ ಕಂಬನಿ ಮಿಡಿದೀರಿ, ಸಂತೋಷ. ಫೋಟೋ ನಾನೇ ತರಬೇಕೇನ್ರಿ?”

ಎರಡನೆಯವರು ಫೋನು ಮಾಡಲಿಲ್ಲ, ಛತ್ರಿ ಊರಿಕೊಂಡು ಖುದ್ದಾಗಿ ಬಂದರು. ಅವನಿಗೆ ಎಂಟನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದ್ದ ವಿರೂಪಾಕ್ಷಪ್ಪ ಮೇಷ್ಟ್ರು. ಪರದೆಯ ಮೇಲಿನ ಷರತ್ತನ್ನು ಓದಿ ಕೇಳಿದರು:

“ಎರಡು ಪ್ಲಸ್ ಮೂರು ಇಂಟು ನಾಲ್ಕು. ಎಷ್ಟೋ?”

“ಇಪ್ಪತ್ತು ಸಾರ್.”

“ಹದಿನಾಲ್ಕು! ಗುಣಾಕಾರ ಮೊದ್ಲು ಅಂತ ಆಗ್ಲೇ ಬಡ್ಕೊಂಡಿದ್ದೆ. ಇಲ್ಲೂ ಅದೇ ಆಗೈತೆ. ‘ಅಥವಾ’ ಮೊದ್ಲಾಗಬೇಕು ಅಂದ್ರೆ ಅದಕ್ಕೆ ಆವರಣ ಹಾಕು. ಆಗ ಕಲೀಲಿಲ್ಲ, ಈಗ ನನ್ನನ್ನ ಸಾಯಿಸಿ ಕಲಿಯಾಕೆ ಹೊಂಟೀಯ.”

“ಬದುಕಿರೋರಿಗೆಲ್ಲ ಈಗಿಂದೀಗ್ಲೇ ಕ್ಷಮೆ ಕೇಳಿ ಕಳ್ಸು,” ಎಂದು ಮಲ್ಲೇಶಪ್ಪ ಗುಡುಗಿದರು. “ಇಲ್ಲಾಂದ್ರೆ ಕಾಯಂ ಮಾತು ಮರೆತುಬಿಡು.”

ಗುರುಬಸವರಾಜ್ ‘ಹೊನ್ನಾಳಿ ಮತ್ತು ಜೀವಂತ’ ಎಂದು ತಿದ್ದಿದ. ಬೇಡದಿದ್ದರೂ ಸುತ್ತ ಆವರಣ ಹಾಕಿದ. ‘ಕಳಿಸು’ ಒತ್ತಿದ, ‘ಉಳಿಸು’ ಒತ್ತಿದ, ಒಂದು ಚೊಂಬು ನೀರು ಕುಡಿದ.

ಯಾವಾಗಲೂ ಹದಿನೈದು ಜನ ಸೇರುವ ಸಭೆಗೆ ಅಂದು ಕೂರಲು ಜಾಗವಿರಲಿಲ್ಲ. ತಮ್ಮನ್ನು ಬಿಟ್ಟು ನಿಜವಾಗಿ ಸತ್ತವರು ಯಾರೆಂದು ನೋಡಲು ಊರೇ ಬಂದಿತ್ತು. ಮಲ್ಲೇಶಪ್ಪನವರ ಮುಖ ಅರಳಿತು. ಕಾಯಂ ಪತ್ರವನ್ನು ಅವನ ಕೈಗಿಟ್ಟೇ ಬಿಟ್ಟರು. ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ನ್ಯಾಮತಿಯಿಂದ ಶಿವಗಂಗಮ್ಮ ಬಂದರು. ಹೋದ ತಿಂಗಳು ತೀರಿಕೊಂಡ ಗಂಡ ಕೊಟ್ರಬಸಪ್ಪನವರ ಫೋಟೋ ಎದೆಗವುಚಿಕೊಂಡು, ಮಲ್ಲೇಶಪ್ಪನವರಿಗೆ ಮೊಬೈಲು ಚಾಚಿದರು.

“ಬೆಳಿಗ್ಗೆ ಫೋಟೋ ತರಾಕೆ ಹೇಳಿದ್ರಿ. ಮಧ್ಯಾಹ್ನ ಇದು ಬಂತು. ಒಂದೀಟು ಓದ್ರಿ.”

ಮಲ್ಲೇಶಪ್ಪ ಓದಿದರು: “ಕ್ಷಮಿಸಿ. ಬೆಳಗಿನ ಸಂದೇಶ ತಪ್ಪು. ಶ್ರೀ ಕೊಟ್ರಬಸಪ್ಪನವರು ಕ್ಷೇಮವಾಗಿದ್ದಾರೆ.”

“ಮೊಮ್ಮಗಳು ಓದಿದಾಗ ನಾನು ನಂಬಲಿಲ್ಲ,” ಎಂದರು ಶಿವಗಂಗಮ್ಮ. “ಆದ್ರೂ ಬಾಗಿಲು ತೆಗೆದೇ ಇಟ್ಟು ಬಂದೀನಿ.”

ಗುರುಬಸವರಾಜನಿಗೆ ಆಗ ಹೊಳೆಯಿತು. ತಿದ್ದಿದ್ದನ್ನು ಉಳಿಸಿ ಆಮೇಲೆ ಕಳಿಸಬೇಕಿತ್ತು. ಅವನು ಕಳಿಸಿ ಆಮೇಲೆ ಉಳಿಸಿದ್ದ. ಹಳೇ ಷರತ್ತಿನಲ್ಲೇ ಕ್ಷಮೆ ಹೋಗಿ, ಸತ್ತವರನ್ನೆಲ್ಲ ಬದುಕಿಸಿತ್ತು.

ಮಲ್ಲೇಶಪ್ಪ ಅವನ ಕೈಯಿಂದ ಪತ್ರವನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡು ಮಡಚಿದರು.

“ಮೊದ್ಲು ಅಮ್ಮನ್ನ ಮನೆ ತನಕ ಬಿಡು. ಆಮೇಲೆ ಆ ಬಾಗಿಲು ಹಾಕು. ಅದಾದ ಮೇಲೆ ಬೇರೆ ಕೆಲಸ ಹುಡುಕ್ಕೋ. ಈ ಕ್ರಮನಾದ್ರೂ ತಪ್ಪಿಸಬ್ಯಾಡಪ್ಪ.”