ದಕ್ಷಿಣಕ್ಕೆ ಅತ್ತೆ

ಬೇರೆಯವರ ಸುಖದುಃಖದ ಬಗ್ಗೆ ಅಭಿಪ್ರಾಯ ಕೊಡುವುದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಈಚೆಗೆ ವರ್ಷಕ್ಕೊಮ್ಮೆ ಪೇಪರಿನಲ್ಲಿ ಒಂದು ಪಟ್ಟಿ ಬರುತ್ತದೆ. ಯಾವ ದೇಶದ ಸರಕಾರ ಒಳ್ಳೆಯದು, ಎಲ್ಲಿಯ ಶಾಲೆ ಒಳ್ಳೆಯದು, ಯಾವ ಜನ ಎಷ್ಟು ಹ್ಯಾಪಿ ಎಂದು ನಂಬರು ಕೊಟ್ಟಿರುತ್ತಾರೆ. ನನ್ನ ಮಗ ನಮ್ಮ ದೇಶದ ನಂಬರು ಹುಡುಕಿ, ಸಿಕ್ಕ ಮೇಲೆ ಬೇಜಾರು ಮಾಡಿಕೊಂಡು ಚಹಾ ಆರಲು ಬಿಡುತ್ತಾನೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಥ ಪಟ್ಟಿ ಮಾಡುವವರು ಎಂಥ ಜನ ಎಂಬುದು ನನಗೆ ಚೆನ್ನಾಗಿ ಗೊತ್ತು. ಸಂಸ್ಥಾನಗಳು ವಿಲೀನವಾಗುವುದಕ್ಕೆ ನಾಲ್ಕೈದು ವರ್ಷ ಮೊದಲು, ಜಮಖಂಡಿಯ ಒಂದು ಅಡಿಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಮುಚ್ಚಳವನ್ನೇ ಡೆಸ್ಕ್ ಮಾಡಿಕೊಂಡು ನಾನೂ ಒಂದು ಪಟ್ಟಿ ಮಾಡಿದ್ದೆ. ಆಗ ನನಗೆ ಹದಿನೇಳು. ಆ ವಯಸ್ಸಿನಲ್ಲಿ ಜಗತ್ತಿನ ಬಗ್ಗೆ ತಿಳಿಯದ್ದು ಏನೂ ಇರುವುದಿಲ್ಲ.

ದೋಷ ನನ್ನೊಬ್ಬಳದೇ ಅಲ್ಲ, ಜಿಯಾಗ್ರಫಿಯದೂ ಇದೆ. ನಾನು ಎಂಟು ವರ್ಷದವಳಿದ್ದಾಗ ತಾಯಿ ಹೋದಳು. ತಂದೆಗೆ ಇಂಗ್ಲಿಷರ ಸರಕಾರದ ನೌಕರಿ, ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್. ಹೆಣ್ಣುಮಗುವನ್ನು ಯಾರ ಮನೆಯಲ್ಲಿ ಬಿಡುವುದೆಂದು ತಿಳಿಯದೆ ಬೆಳಗಾವಿಯ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ನಮಗೆ ಜಿಯಾಗ್ರಫಿ ಕಲಿಸುತ್ತಿದ್ದವರು ಸಿಸ್ಟರ್ ಆಗ್ನೆಸ್. ದೇಶ ಯಾವುದೇ ಇರಲಿ, ಅವರದು ಒಂದೇ ಅಚ್ಚು: ಬೌಂಡರೀಸ್, ಕ್ಲೈಮೇಟ್, ಗವರ್ನಮೆಂಟ್, ಎಜುಕೇಷನ್, ಕೊನೆಗೆ ಕ್ಯಾರೆಕ್ಟರ್ ಆಫ್ ದ ಪೀಪಲ್. ಈ ಕೊನೆಯದನ್ನು ಒಂದೇ ಸಾಲಿನಲ್ಲಿ ಮುಗಿಸಬೇಕು. ಹಾಲೆಂಡಿನವರು ಶುಚಿಯಾದ ಜನ, ಸಂತೃಪ್ತರು. ಸ್ವಿಸ್ ಜನ ದುಡಿಯುವವರು, ಸಂತೃಪ್ತರು. ಅಲ್ಲಿಗೆ ಯಾರೂ ಹೋಗಿರಲಿಲ್ಲ, ಸಿಸ್ಟರೂ ಹೋಗಿರಲಿಲ್ಲ. ಆದರೂ ಪರೀಕ್ಷೆಯಲ್ಲಿ ಹಾಗೆಂದು ಬರೆದರೆ ಫುಲ್ ಮಾರ್ಕ್ಸ್.

ಹದಿನಾರು ತುಂಬುತ್ತಲೇ ನನ್ನನ್ನು ಜಮಖಂಡಿಗೆ ಕೊಟ್ಟರು. ತಂದೆ ಆಗ ಬೀಳಗಿಯಲ್ಲಿದ್ದರು. ಬೀಳಗಿ ಖಾಲ್ಸಾ, ಅಂದರೆ ಇಂಗ್ಲಿಷರ ನೇರ ಆಡಳಿತ. ಜಮಖಂಡಿ ಸಂಸ್ಥಾನ. ನಡುವೆ ಇದ್ದದ್ದು ಒಂದು ಹಳ್ಳ, ಒಂದು ಹಗಲಿನ ಬಂಡಿಯ ದಾರಿ. ಆದರೆ ಹಳ್ಳದ ಈಚೆಗೂ ಆಚೆಗೂ ಮನುಷ್ಯರ ಬೆನ್ನು ಬಾಗುವ ರೀತಿಯೇ ಬೇರೆ. ಖಾಲ್ಸಾದಲ್ಲಿ ಸಾಹೇಬ ಬಂದರೆ ಜನ ಎದುರಿಗೆ ಸುಮ್ಮನಿದ್ದು ಹಿಂದೆ ಬೈಯುತ್ತಿದ್ದರು. ಸಂಸ್ಥಾನದಲ್ಲಿ ರಾಜರನ್ನು ಎದುರಿಗೂ ಹಿಂದೆಯೂ ಹೊಗಳಿ, ಬೈಯುವುದನ್ನೆಲ್ಲ ಅವರ ಆಡಳಿತ ನೋಡುವ ಕಾರಭಾರಿಗೆ ಮೀಸಲಿಡುತ್ತಿದ್ದರು. ಅತ್ತ ರಬಕವಿ, ಬನಹಟ್ಟಿ ನೋಡಿದರೆ ಇನ್ನೂ ವಿಚಿತ್ರ. ಒಂದು ಊರಿನ ಮಗ್ಗದ ಸದ್ದು ಇನ್ನೊಂದಕ್ಕೆ ಕೇಳುತ್ತದೆ, ಆದರೆ ಅದು ಒಬ್ಬ ರಾಜರದು, ಇದು ಇನ್ನೊಬ್ಬರದು. ಒಬ್ಬ ರಾಜರ ಹುಟ್ಟುಹಬ್ಬಕ್ಕೆ ಇಲ್ಲಿ ಶಾಲೆಗೆ ರಜೆ ಸಿಕ್ಕರೆ ಅಲ್ಲಿಯ ಮಕ್ಕಳು ಮಗ್ಗಿ ಹೇಳುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದವು. ಮುಧೋಳ ಮತ್ತೊಂದು ರಾಜ್ಯ. ಅಲ್ಲಿಯ ಬೇಟೆನಾಯಿಗೆ ಇದ್ದ ಹೆಸರು ನಮ್ಮ ಕಡೆಯ ಎಷ್ಟೋ ಮನುಷ್ಯರಿಗೆ ಇರಲಿಲ್ಲ. ಸಿಸ್ಟರ್ ಆಗ್ನೆಸ್ ಒಮ್ಮೆ ಈ ಕಡೆ ಬಂದಿದ್ದರೆ ಹಾಲೆಂಡನ್ನು ಬಿಟ್ಟೇಬಿಡುತ್ತಿದ್ದರು.

ಮದುವೆಯಾದ ತಿಂಗಳಿಗೇ ಯಜಮಾನರು ವಕೀಲಿ ಓದಲು ಪುಣೆಗೆ ಹೋದರು. ಉಳಿದದ್ದು ಮನೆ. ಮಾವನವರು ಸಂಸ್ಥಾನದ ಕಚೇರಿಯಲ್ಲಿ ಹಿರಿಯ ಕಾರಕೂನರು. ಮರಾಠಿಯ ಮೋಡಿ ಅಕ್ಷರವನ್ನು ಮುತ್ತಿನ ಹಾಗೆ ಬರೆಯುವವರು, ಇಂಗ್ಲಿಷ್ ಒಂದಕ್ಷರ ಬಾರದು. ಅತ್ತೆಯವರಿಗೆ ಯಾವ ಅಕ್ಷರವೂ ಬಾರದು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಕಾನ್ವೆಂಟಿನಲ್ಲಿ ಏಳೂವರೆಗೆ ಊಟದ ಬೆಲ್ ಆಗುತ್ತಿತ್ತು. ಇಲ್ಲಿ ಅಷ್ಟೊತ್ತಿಗೆ ಪಾತ್ರೆಗಳೂ ತೊಳೆಸಿಕೊಂಡು ಬೋರಲು ಬಿದ್ದಿರುತ್ತಿದ್ದವು. ಗಡ್ಡೆ ಗೆಣಸು ನಿಷಿದ್ಧ. ಬೋರ್ಡಿಂಗಿನಲ್ಲಿ ಎಂಟು ವರ್ಷ ಬೇಯಿಸಿದ ಆಲೂಗಡ್ಡೆ ತಿಂದೇ ಬೆಳೆದೆನೆಂಬ ಪಾಪವನ್ನು ನಾನು ಬಾಯಿಬಿಟ್ಟಿರಲಿಲ್ಲ. ಮದುವೆಯಲ್ಲಿ ಹೆಸರನ್ನೂ ಬದಲಿಸಿದ್ದರು. ಸುಲೋಚನಾ ಹೋಗಿ ಪದ್ಮಾವತಿಯಾಗಿದ್ದೆ. ಯಾರಾದರೂ ಪದ್ಮಾ ಎಂದು ಕರೆದರೆ, ಆ ಹುಡುಗಿ ಯಾಕೆ ಓ ಎನ್ನುವುದಿಲ್ಲವೆಂದು ನಾನೂ ಒಂದು ಕ್ಷಣ ಕಾಯುತ್ತಿದ್ದೆ. ಅತ್ತೆ ಮಾತಾಡುತ್ತಿದ್ದದ್ದು ಅಪ್ಪಣೆ ಕೊಡುವುದಕ್ಕೆ ಮಾತ್ರ. ನೀರು ಸೋಸು, ಹಿಟ್ಟು ನಾದು, ತಲೆಯ ಮೇಲೆ ಸೆರಗು ಹೊದ್ದುಕೋ. ಕೆಲವು ದಿನ ನನ್ನ ದನಿಯೇ ಮರೆತೀತೆಂದು ಹಿತ್ತಲ ಬಾವಿಯ ಹತ್ತಿರ ನಿಂತು ಗುಡ್ ಮಾರ್ನಿಂಗ್ ಎನ್ನುತ್ತಿದ್ದೆ. ಬಾವಿ ತಿರುಗಿ ಹೇಳುತ್ತಿತ್ತು. ಅದರ ಪ್ರೊನನ್ಸಿಯೇಷನ್ ಚೆನ್ನಾಗಿತ್ತು.

ಹೀಗೆ ಒಂದು ವರ್ಷ ಕಳೆದ ಮೇಲೆ ಸಿಸ್ಟರ್ ಆಗ್ನೆಸ್‌ಗೆ ಕಾಗದ ಬರೆದೆ. ನೇರವಾಗಿ ಅತ್ತು ಬರೆಯಲು ಅಭಿಮಾನ ಅಡ್ಡ ಬಂತು. ಅದಕ್ಕೇ ತಮಾಷೆ ಮಾಡೋಣವೆಂದು ಗಂಡನ ಮನೆಯನ್ನು ಒಂದು ದೇಶವೆಂದುಕೊಂಡು ಅವರದೇ ಅಚ್ಚಿನಲ್ಲಿ ಹೊಯ್ದೆ. ಬೌಂಡರೀಸ್: ಪೂರ್ವಕ್ಕೆ ಬಾವಿ, ಪಶ್ಚಿಮಕ್ಕೆ ದನದ ಕೊಟ್ಟಿಗೆ, ಉತ್ತರಕ್ಕೆ ನೆರೆಮನೆಯ ಗೋಡೆ, ದಕ್ಷಿಣಕ್ಕೆ ಅತ್ತೆ. ಕ್ಲೈಮೇಟ್: ಸೆಕೆ, ಮಧ್ಯಾಹ್ನಕ್ಕೆ ಮೊದಲು ಗುಡುಗುವುದುಂಟು. ಗವರ್ನಮೆಂಟ್: ಅಬ್ಸಲ್ಯೂಟ್ ಮೊನಾರ್ಕಿ, ಒಬ್ಬ ರಾಜರೂ ಇದ್ದಾರೆ, ತೀರ್ಮಾನವಾದ ಮೇಲೆ ಅವರನ್ನು ಕೇಳಲಾಗುತ್ತದೆ. ಎಜುಕೇಷನ್: ಹೆಂಗಸರಲ್ಲಿ ಶೂನ್ಯ, ಆದರೆ ಪಾತ್ರೆ ಇಟ್ಟ ಸದ್ದಿನ ಮೇಲೆ ಯಾರಿಗೆ ಸಿಟ್ಟು ಬಂದಿದೆಯೆಂದು ಹೇಳಬಲ್ಲರು. ಕೊನೆಗೆ ಕ್ಯಾರೆಕ್ಟರ್ ಆಫ್ ದ ಪೀಪಲ್. ರೂಢಿಯಂತೆ ಹ್ಯಾಪಿ ಅಂಡ್ ಕಂಟೆಂಟೆಡ್ ಎಂದು ಬರೆದೆ. ಪೆನ್ನು ಅಲ್ಲಿಗೇ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಒಂದು ಕಾಮಾ ಹಾಕಿ, ಎಕ್ಸೆಪ್ಟ್ ಒನ್ ಎಂದು ಸೇರಿಸಿತು. ಕೆಳಗೆ ಸುಲೋಚನಾ ಎಂದು ಸಹಿ.

ಲಕೋಟೆ ಅಂಟಿಸಲಿಲ್ಲ. ಇಂಗ್ಲಿಷೇ ಒಂದು ಬೀಗ ಎಂದುಕೊಂಡಿದ್ದೆ. ಟಪ್ಪಾಲಿಗೆ ಹಾಕಲೆಂದು ಮಾವನವರ ಕೈಗೆ ಕೊಟ್ಟೆ. ಅವರಿಗೆ ನನ್ನ ಮೇಲೆ ಉದಾಸೀನವಿದ್ದಿದ್ದರೆ ಕಾಗದ ನೆಟ್ಟಗೆ ಬೆಳಗಾವಿಗೆ ಹೋಗುತ್ತಿತ್ತು, ಅವರಿಗಿದ್ದದ್ದು ಹೆಮ್ಮೆ. ಆ ರವಿವಾರ ಬೆಳಗ್ಗೆ ಇಂಗ್ಲಿಷ್ ಶಾಲೆಯ ಹೆಡ್‌ಮಾಸ್ತರರನ್ನು ಪಡಸಾಲೆಗೆ ಕರೆಸಿದರು. ನೆರೆಹೊರೆಯ ನಾಲ್ಕು ಜನ ಹಿರಿಯರೂ ಬಂದು ಕೂತರು. ತಮ್ಮ ಸೊಸೆ ಎರಡು ಹಾಳೆ ತುಂಬ ಇಂಗ್ಲಿಷ್ ಬರೆದಿದ್ದಾಳೆ, ಕಾರಭಾರಿಯ ಮನೆಯಲ್ಲೂ ಇಂಥದಿಲ್ಲ, ಎಲ್ಲರೂ ಕೇಳಲಿ ಎಂದು ಮಾವನವರು ಹೇಳಿದ್ದು ಅಡಿಗೆಮನೆಯ ಬಾಗಿಲ ಹಿಂದೆ ಅತ್ತೆಯ ಪಕ್ಕದಲ್ಲಿ ನಿಂತಿದ್ದ ನನ್ನ ಕಿವಿಗೆ ಬಿತ್ತು. ಮಾಸ್ತರರು ಇದ್ದದ್ದು ಇದ್ದಂತೆ ಹೇಳಿದರೆ ಸಂಜೆಯೊಳಗೆ ನನ್ನ ಟ್ರಂಕು ಬೀಳಗಿಯ ಬಂಡಿ ಏರುವುದು ಖಂಡಿತವಾಗಿತ್ತು. ಹೆಂಡತಿಯಿಲ್ಲದ ತಂದೆಯ ಮನೆಗೆ, ಮರಳಿ ಬಂದ ಮಗಳು.

ಮಾಸ್ತರರು ಧಾರವಾಡದ ಕಡೆಯ ಮುದುಕರು, ನಶ್ಯದ ಡಬ್ಬಿಯಿಲ್ಲದೆ ಒಂದು ವಾಕ್ಯ ದಾಟದವರು. ಮೊದಲು ಪೂರ್ತಿ ಇಂಗ್ಲಿಷಿನಲ್ಲಿ ಓದಿದರು. ಪಡಸಾಲೆ ಸ್ತೋತ್ರ ಕೇಳಿದಂತೆ ತಲೆದೂಗಿತು. ಮದುವೆಯ ದಿನವೇ ನನ್ನ ಹಳೆಯ ಹೆಸರು ಮರೆತಿದ್ದ ಮಾವನವರು ಕೊನೆಯಲ್ಲಿ, ಈ ಸುಲೋಚನಾ ಯಾರೆಂದು ಕೇಳಿದರು. ಮಾಸ್ತರರು, ಕಾಗದದ ಕಡೆಗೆ ಹಾಗೆ ಒಂದು ಹೆಸರು ಹಾಕುವುದು ಇಂಗ್ಲಿಷರ ಪದ್ಧತಿ ಎಂದರು. ಆಮೇಲೆ ಮಾವನವರ ಕಡೆ ತಿರುಗಿ ಅರ್ಥ ಹೇಳತೊಡಗಿದರು.

“ದಕ್ಷಿಣಕ್ಕ ಅತ್ತಿಯವರು ಅಂತ ಬರದಾಳ್ರಿ, ಅಪ್ಪಾಸಾಹೇಬ್ರ. ಅಂದ್ರ ಬೆನ್ನಿಗೆ ಗುಡ್ಡ ಇದ್ಧಂಗ ಆಸರ ಅದಾರಂತ. ಹವಾಮಾನ ಛಲೋ ಐತಂತ. ಈ ಮನಿ ಕಾರಭಾರ ರಾಮರಾಜ್ಯ ಇದ್ಧಂಗ ಐತಂತ.”

ರಾಮರಾಜ್ಯ ಕೇಳಿ ಮಾವನವರು ಶಲ್ಯ ಸರಿಮಾಡಿಕೊಂಡರು. ಹೆಂಗಸರ ಶಿಕ್ಷಣಕ್ಕೆ ಬಂದಾಗ ಮಾಸ್ತರರು, ಈ ಮನೆಯ ಹೆಂಗಸರು ಮುಖ ನೋಡಿಯೇ ಮನಸ್ಸು ತಿಳಿಯುವ ಜಾಣೆಯರು ಎಂದರು. ನಾನು ಉಸಿರು ಬಿಟ್ಟೆ. ಆಗ ಕೊನೆಯ ಸಾಲು ಬಂತು. ಮಾಸ್ತರರು ತುಸು ತಡೆದರು. ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಡಬ್ಬಿ ತೆಗೆದು ನಶ್ಯ ಏರಿಸಿ, ಅಡಿಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಗಟ್ಟಿಯಾಗಿ ಸೀನಿದರು.

“ಎಲ್ಲಾರೂ ಸುಖದಾಗ ಅದಾರಂತ್ರಿ.”

ಹೊರಡುವಾಗ ಬಾಗಿಲ ಹತ್ತಿರ ಬಂದು, ಕಾಗದ ನನ್ನ ಕೈಗೇ ಕೊಟ್ಟು, ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು. ವೆರಿ ಗುಡ್ ಕಾಂಪೊಸಿಷನ್, ಮೈ ಚೈಲ್ಡ್. ನೆಕ್ಸ್ಟ್ ಟೈಮ್, ಗಮ್ ದ ಎನ್ವಲಪ್. ಏನೆಂದರೆಂದು ಮಾವನವರು ಕೇಳಿದ್ದಕ್ಕೆ, ಆಶೀರ್ವಾದ ಮಾಡಿದೆ ಎಂದರು. ಇಂಗ್ಲಿಷಿನಲ್ಲಿ ನನಗೆ ಸಿಕ್ಕ ಆಶೀರ್ವಾದಗಳಲ್ಲಿ ಅದಕ್ಕಿಂತ ಉಪಯೋಗದ್ದು ಬೇರೆ ಇಲ್ಲ.

ಮಧ್ಯಾಹ್ನ ಅತ್ತೆ ಬೇಳೆ ಆರಿಸಲು ಕೂತರು. ಒಂದು ಮೊರ ತಾವು ತಗೊಂಡು ಇನ್ನೊಂದನ್ನು ನನ್ನ ಕಡೆ ಸರಿಸಿದರು. ಬಹಳ ಹೊತ್ತು ಕಲ್ಲು ಆರಿಸಿದ ಮೇಲೆ ತಲೆಯೆತ್ತದೆ ಕೇಳಿದರು:

“ಮಾಸ್ತರು ಕಡೀಕ ಮೂಗಿಗೆ ಪುಡಿ ಏರಿಸಿದ್ರಲ್ಲ, ಅಲ್ಲಿ ಏನ ಬರದಿದ್ದಿ?”

ಏನಿಲ್ಲರಿ, ಎಲ್ಲಾರೂ ಸುಖದಿಂದ ಇದ್ದಾರೆಂದು, ಎಂದೆ.

“ಸುಳ್ಳ ಹೇಳಬ್ಯಾಡ. ಮುಧೋಳದಿಂದ ನಮ್ಮಣ್ಣನ ಕಾಗದ ಬರತಾವಲ್ಲ, ನಾಕ ಹಾಳಿ ಇರತಾವ. ನಿಮ್ಮ ಮಾವನಾರು ಓದಿ, ಹಿಂಗ ತುಸು ತಡದು, ಎಲ್ಲಾರೂ ಸುಖದಾಗ ಅದಾರಂತ ಅಂತಾರ. ನಮ್ಮವ್ವ ಸತ್ತದ್ದೂ ನನಗ ಹಂಗ ತಡದಾಗನ ಗೊತ್ತಾತು.”

ಆಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಈ ಮನೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ, ಒಬ್ಬರನ್ನು ಬಿಟ್ಟು, ಎಂದು ಬರೆದಿದ್ದೇನೆ ಎಂದೆ. ಗುಡುಗಿಗಾಗಿ ಕಾಯ್ದೆ. ಅತ್ತೆಯ ಬೆರಳು ಬೇಳೆಯ ಮೇಲೆ ನಿಂತುಬಿಟ್ಟಿತು.

“ನಿನಗ ಹೆಂಗ ಗೊತ್ತಾತು?” ಎಂದರು. “ನಾ ಯಾರ ಮುಂದೂ ಅಂದಾಕಿ ಅಲ್ಲ.”

ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಮೊರದಲ್ಲಿದ್ದ ಕಲ್ಲು ಯಾವುದು ಬೇಳೆ ಯಾವುದು ಕಾಣದಾಯಿತು. ಆ ಒಬ್ಬರು ತಾವೇ ಎಂದು ಅತ್ತೆ ತಿಳಿದಿದ್ದರು. ಒಂಬತ್ತರ ವಯಸ್ಸಿಗೆ ಮುಧೋಳದಿಂದ ಬಂದವರು. ಮುಧೋಳ ಬಂಡಿಯಲ್ಲಿ ಒಂದು ಹಗಲಿನ ದಾರಿ. ತವರಿನ ಹೊಸ್ತಿಲು ತುಳಿದು ಹನ್ನೆರಡು ವರ್ಷವಾಗಿತ್ತಂತೆ. ಅವರದೂ ಹೆಸರು ಬದಲಾಗಿತ್ತು. ಮೊದಲಿನ ಹೆಸರು ಜೀವವ್ವ ಎಂದು ಅವತ್ತು ಹೇಳಿದರು, ಯಾರೋ ಹಳೆಯ ಗೆಳತಿಯ ಸುದ್ದಿ ಹೇಳುವ ಹಾಗೆ. ನಾನು ಅಷ್ಟು ಶಿಸ್ತಾಗಿ ಪಟ್ಟಿ ಮಾಡಿದವಳು, ಗವರ್ನಮೆಂಟಿನ ಕೆಳಗೆ ಅವರನ್ನು ಬರೆದಿದ್ದೆ, ಬೌಂಡರಿಯಲ್ಲೂ ಬರೆದಿದ್ದೆ. ಜನರನ್ನು ಎಣಿಸುವಾಗ ಬಿಟ್ಟಿದ್ದೆ.

ನಿಜ ಹೇಳುವ ಧೈರ್ಯ ನನಗೆ ಆಗಲಿಲ್ಲ. ಆ ಸಿಸ್ಟರ್‌ಬಾಯಿಗೆ ತಮ್ಮದೂ ನಮಸ್ಕಾರ ಬರೆ ಎಂದು ಅತ್ತೆ ಹೇಳಿದರು. ಬರೆದೆ. ಒನ್ ಎಂಬುದನ್ನು ಹೊಡೆದು ಟೂ ಎಂದು ಮಾಡಿದೆ, ಲಕೋಟೆ ಅಂಟಿಸಿದೆ. ಹದಿನೈದು ದಿನಕ್ಕೆ ಸಿಸ್ಟರ್ ಆಗ್ನೆಸ್ ನನ್ನ ಕಾಗದವನ್ನೇ ವಾಪಸು ಕಳಿಸಿದರು, ಕೆಂಪು ಶಾಯಿಯಲ್ಲಿ ತಿದ್ದಿ. ಹತ್ತಕ್ಕೆ ಏಳು. ಎಕ್ಸೆಪ್ಟ್ ಟೂ ಎಂಬುದರ ಪಕ್ಕದಲ್ಲಿ ಮಾರ್ಜಿನ್ನಿನಲ್ಲಿ ಬರೆದಿದ್ದರು: ದೆನ್ ನಾಟ್ ಲೋನ್ಲಿ. ಇದರ ಅರ್ಥವೇನೆಂದು ಅತ್ತೆ ಕೇಳಿದರು. ಇಬ್ಬರಿದ್ದರೆ ಒಂಟಿಯಲ್ಲವಂತೆ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಅವರು ಒಪ್ಪಲಿಲ್ಲ. ಆ ಬಾಯಿ ಮದುವೆಯಾದವಳಲ್ಲ, ಅವಳಿಗೇನು ತಿಳಿದೀತು ಎಂದರು. ಆದರೆ ಅಂದಿನಿಂದ ಬೇಳೆ ಆರಿಸುವಾಗ ಅವರ ಮೊರದ ಪಕ್ಕಕ್ಕೆ ನನ್ನ ಮೊರ ಬಂತು. ಅಪ್ಪಣೆಗಳು ಮುಂಚಿನಂತೆಯೇ ಇದ್ದವು. ಪದ್ಮಾ ಎಂಬಲ್ಲಿ ಒಮ್ಮೊಮ್ಮೆ, ಸುತ್ತ ಯಾರೂ ಇಲ್ಲದಾಗ, ಸುಲೋಚನಾ ಎನ್ನುತ್ತಿದ್ದರು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಸಂಸ್ಥಾನ ಹೋಯಿತು, ಖಾಲ್ಸಾ ಹೋಯಿತು, ನನ್ನನ್ನು ಸುಲೋಚನಾ ಎನ್ನುವವರು ಯಾರೂ ಉಳಿದಿಲ್ಲ. ಈಗ ಈ ಮನೆಯ ಗವರ್ನಮೆಂಟ್ ನಾನೇ. ಸೊಸೆ ಓದಿದವಳು, ಸಂಜೆ ಅಡಿಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಯಾರಿಗೋ ಉದ್ದುದ್ದ ಬರೆಯುತ್ತಾಳೆ. ಇಂಗ್ಲಿಷೇ ಇರಬೇಕು. ನನಗೆ ಇಂಗ್ಲಿಷ್ ಬರುತ್ತದೆ, ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ನಿನ್ನೆ ಪೇಪರಿನ ಪಟ್ಟಿ ಮಡಚಿಟ್ಟು, ಎದ್ದು ಅಡಿಗೆಮನೆಗೆ ಹೋಗಿ, ಒಂದು ಕಟ್ಟು ಕೊತ್ತಂಬರಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಸುಮ್ಮನೆ ಸೋಸುತ್ತ ಕೂತೆ. ಅವಳು ಗಾಬರಿಯಾಗಿ ಮೊಬೈಲು ಕೆಳಗಿಟ್ಟು ಕೇಳಿದಳು:

“ಅತ್ತಿ, ಏನರ ತಪ್ಪಾತೇನ್ರಿ?”

ಸರಕಾರ ಕೆಲಸವಿಲ್ಲದೆ ಬಂದು ಪಕ್ಕದಲ್ಲಿ ಕೂತರೆ ಪ್ರಜೆಗಳಿಗೆ ಇನ್ನೇನು ಅನ್ನಿಸೀತು? ಏನಿಲ್ಲ ಎನ್ನಲು ಹೋದೆ. ಹೇಳುವ ಮೊದಲು ನಾನೂ ತುಸು ತಡೆದೆ.