ಬಿಳಿ ಅಂಗಿಗೆ ಒಂದು ಚುಕ್ಕೆ ಅರಿಶಿನ

ನಾನು ಸುಲಭವಾಗಿ ಸಿಟ್ಟಾಗುವವಳಲ್ಲ. ಆದರೆ ಸಿಟ್ಟಾಗಬೇಕಾದ ಸಂದರ್ಭವನ್ನು ಎಂದೂ ಕೈಬಿಟ್ಟವಳೂ ಅಲ್ಲ. ಮೈಸೂರಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ರಸಾಯನಶಾಸ್ತ್ರ ಕಲಿಸಿದೆ. ಅಳೆದು, ತೂಗಿ, ಫಲಿತಾಂಶವನ್ನು ನೆನಪಿಡುವುದು ನನ್ನ ವೃತ್ತಿಧರ್ಮ. ಯಾರು, ಎಲ್ಲಿ, ಯಾವ ಮಾತಿನಿಂದ ನನ್ನನ್ನು ನೋಯಿಸಿದರು ಎಂಬುದನ್ನೂ ಅಷ್ಟೇ ಶಿಸ್ತಿನಿಂದ ನೆನಪಿಟ್ಟುಕೊಂಡಿದ್ದೇನೆ. ಇಂಥ ನಾನು ಹೆಣ್ಣುಮಕ್ಕಳ ಕ್ರೀಡೆಗೆ ನ್ಯಾಯ ದೊರಕಿಸಿಕೊಡುವ ಘನಕಾರ್ಯಕ್ಕೆ ಕೈಹಾಕಿದ ಮೇಲೆ ಅದು ಕೆಡುವ ಸಾಧ್ಯತೆಯೇ ಇರಲಿಲ್ಲ.

ಕೆಟ್ಟಿತು!

ನೆದರ್‌ಲ್ಯಾಂಡ್ಸಿನ ಆಲ್ಮೆರೆ ಊರಿನಲ್ಲಿರುವ ಮಗಳು ಶುಭಾಳ ಮನೆಗೆ ನಾನೂ ನಮ್ಮ ಯಜಮಾನರೂ ಬಂದಿದ್ದೆವು. ಮೊಮ್ಮಗಳು ನಿಧಿ ದಿನವೂ ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲೇಜಿಗೆ ಹೋಗಿಬರುತ್ತಾಳೆ. ಅಲ್ಲಿ ಆ ವರ್ಷವೇ ಹೆಣ್ಣುಮಕ್ಕಳ ರಗ್ಬಿ ತಂಡವೊಂದು ಹುಟ್ಟಿತ್ತು; ನಮ್ಮ ನಿಧಿ ಅದರ ನಾಯಕಿ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬಳು ಗೆರೆಯ ಕಡೆಗೆ ಓಡಬೇಕು, ಎದುರು ಪಕ್ಷದವರು ಅವಳನ್ನು ಹಿಡಿದು ನೆಲಕ್ಕೆ ಕೆಡವಬೇಕು. ಅಭ್ಯಾಸ ನೋಡಲು ಮೊದಲ ಸಲ ಹೋದಾಗ ನಮ್ಮ ಯಜಮಾನರು, "ಹಲಸಿನಹಣ್ಣು ಕದ್ದವಳನ್ನ ತೋಟದ ಮಾಲಿಗಳು ಅಟ್ಟಿಸ್ಕೊಂಡು ಹೋದಹಾಗಿದೆ ಕಣೇ" ಎಂದರು. ನಾನು ನಗಲಿಲ್ಲ. ನನ್ನ ಕಣ್ಣು ಬೇರೆಡೆ ನೆಟ್ಟಿತ್ತು.

ಹುಡುಗಿಯರು ತೊಟ್ಟಿದ್ದ ಅಂಗಿಗಳು ಹುಡುಗರ ತಂಡದ ಹಳೆಯ ಅಂಗಿಗಳು! ತೋಳು ಮೊಣಕೈ ದಾಟಿ, ಅಂಚು ಮೊಣಕಾಲು ಮುಟ್ಟಿ, ನಿಧಿಯ ಬೆನ್ನ ಮೇಲೆ ದಪ್ಪಕ್ಷರದಲ್ಲಿ 'ಸ್ವೆನ್' ಎಂಬ ಯಾವನೋ ಹುಡುಗನ ಹೆಸರಿತ್ತು. ನಿಧಿ ಚೆಂಡು ಹಿಡಿದು ಓಡಿದಳು. ಒಬ್ಬಳು ಹಿಂದಿನಿಂದ ಅಂಗಿಯ ಬಾಲ ಹಿಡಿದಳು. ನಮ್ಮ ಹುಡುಗಿ ಅಂಗಾತ ಬಿದ್ದಳು.

"ನೋಡಿದ್ಯಾ ಅಜ್ಜಿ?" ಎಂದಳು ಕೆಸರು ಒರೆಸಿಕೊಳ್ಳುತ್ತ. "ಐ ಆಮ್ ಫಾಸ್ಟರ್ ದ್ಯಾನ್ ಆಲ್ ಆಫ್ ದೆಮ್. ಬಟ್ ಈ ಸ್ವೆನ್ ನನ್ನ ಓಡಕ್ಕೇ ಬಿಡಲ್ಲ. ಒಂದೇ ಒಂದು ಮ್ಯಾಚು ನನ್ನ ಹೆಸರಿರೋ, ನನ್ನ ಸೈಜಿನ ಶರ್ಟಲ್ಲಿ ಆಡ್ಬೇಕು ಅಜ್ಜಿ. ಅಷ್ಟೇ."

ನನ್ನೊಳಗೆ ಏನೋ ಕುದಿಯತೊಡಗಿತು. ಏಕೆಂದರೆ ನಾನೂ ಒಂದು ಕಾಲದಲ್ಲಿ ಕಾಲೇಜಿನ ಥ್ರೋಬಾಲ್ ತಂಡದ ನಾಯಕಿ. ನಮಗೂ ಕೊಟ್ಟಿದ್ದು ಹುಡುಗರು ಬಿಟ್ಟ ಅಂಗಿಗಳನ್ನೇ. ನನ್ನ ಪಾಲಿಗೆ ಬಂದ ಅಂಗಿಯ ಕಾಲರಿನೊಳಗೆ ಅಳಿಸಲಾಗದ ಶಾಯಿಯಲ್ಲಿ 'ಬಿ.ಕೆ. ನಂಜುಂಡ' ಎಂದು ಬರೆದಿತ್ತು. ಎದುರಾಳಿ ತಂಡದವರು ನಾನು ಚೆಂಡು ಹಿಡಿದಾಗಲೆಲ್ಲ "ನಂಜುಂಡಾ, ಹಾಕೋ!" ಎಂದು ಕೂಗಿದ್ದರು. ಆ ನಂಜುಂಡನನ್ನು ನಾನು ಕಣ್ಣಿಂದ ಕಂಡವಳಲ್ಲ. ಕ್ಷಮಿಸಿದವಳೂ ಅಲ್ಲ.

ಮರುದಿನವೇ ಕಾಲೇಜಿನ ಕ್ರೀಡಾ ಕಾರ್ಯದರ್ಶಿ ವಿಲ್ಲೆಮ್ ಅವರ ಮುಂದೆ ಹಾಜರಾದೆ. ಎತ್ತರದ ಮನುಷ್ಯ. ಕಾಫಿ ಕೊಟ್ಟರು. ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದರು. ನಾನು ಒಂದು ಬಿಸ್ಕತ್ತು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕಿದರು. ಅದು ಅಲ್ಲಿಯ ರೂಢಿಯೆಂದು ಶುಭಾ ಆಮೇಲೆ ಹೇಳಿದಳು. ಇರಬಹುದು. ಆ ಮುಚ್ಚಳದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಹೆಣ್ಣುಮಕ್ಕಳ ರಗ್ಬಿ ನಮ್ಮಲ್ಲಿ ಇನ್ನೂ ಉದಯೋನ್ಮುಖ ಕ್ರೀಡೆ, ಮೆವ್ರೌ" ಎಂದರು ವಿಲ್ಲೆಮ್. ಮೆವ್ರೌ ಎಂದರೆ ನಮ್ಮ 'ಅಮ್ಮಾವ್ರೇ' ಇದ್ದಹಾಗೆ, ಗೌರವದ ಮಾತು. ಅದಕ್ಕೆ ನಾನು ಕರಗಲಿಲ್ಲ.

"ಉದಯಿಸುವುದು ಏನಿದ್ದರೂ ಬೆಳಕಿನಲ್ಲಿ ಉದಯಿಸಬೇಕು ಮಹಾಶಯರೇ! ಗಂಡುಮಕ್ಕಳ ಹಳೇ ಅಂಗಿಯೊಳಗೆ ಏನು ತಾನೇ ಉದಯಿಸೀತು?" ಎಂದು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಆರಂಭಿಸಿದೆ. ಸಮಾನತೆಯ ತತ್ತ್ವ, ಕ್ರೀಡಾನಿಧಿಯ ಹಂಚಿಕೆ, ಥ್ರೋಬಾಲಿನ ದಾರುಣ ಇತಿಹಾಸ, ನಂಜುಂಡ, ಎಲ್ಲವೂ ಸರದಿಯಲ್ಲಿ ಸಿದ್ಧವಾಗಿದ್ದವು.

ವಿಲ್ಲೆಮ್ ಒಂದು ಕ್ಷಣ ಯೋಚಿಸಿ, "ನೀವು ಹೇಳಿದ್ದು ಸರಿ. ಹೊಸ ಅಂಗಿ ಮಾಡಿಸೋಣ" ಎಂದರು.

ಅಷ್ಟೇ! ನನ್ನ ಭಾಷಣದಲ್ಲಿ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು. ವಾದಕ್ಕೆ ಬಂದವರನ್ನು ಒಪ್ಪಿಗೆಯಿಂದ ಬಾಯಿಮುಚ್ಚಿಸುವುದು ಎಂಥ ಸಭ್ಯತೆ? ಅದನ್ನೂ ನೆನಪಿಟ್ಟುಕೊಂಡೆ.

ಅಂಗಿಗಳು ಮೊದಲ ಪಂದ್ಯದ ವಾರ ಬಂದವು. ಹಾಲಿನಂಥ ಬಿಳಿ, ನೀಲಿ ಕಾಲರು, ಪ್ರತಿಯೊಬ್ಬಳ ಅಳತೆ, ಪ್ರತಿಯೊಬ್ಬಳ ಹೆಸರು. ಇಲ್ಲಿಯ ಪದ್ಧತಿಯಂತೆ ತಂಡದ ಬಟ್ಟೆಗಳನ್ನು ಒಗೆದು ಪಂದ್ಯದ ದಿನ ತರುವುದು ಒಂದೊಂದು ವಾರ ಒಂದೊಂದು ಮನೆಯ ಸರದಿ. ಆ ವಾರ ನಮ್ಮದು. ಹೊಸ ಬಟ್ಟೆಯಾದ್ದರಿಂದ ಒಗೆಯುವ ಕೆಲಸವೂ ಇರಲಿಲ್ಲ. ನಾವು ಮಾಡಬೇಕಾಗಿದ್ದದ್ದು ಒಂದೇ: ಏನೂ ಮಾಡದಿರುವುದು.

ಅಷ್ಟನ್ನು ಮಾಡಲು ನನ್ನಿಂದ ಆಗಲಿಲ್ಲ.

ಓದುಗರೇ ಹೇಳಲಿ, ಹೊಸ ಬಟ್ಟೆಯನ್ನು ಅಂಚಿಗೆ ಅರಿಶಿನ ಮುಟ್ಟಿಸದೆ ತೊಡುವುದುಂಟೇ? ಅದೂ ಜೀವಮಾನದ ಮೊದಲ ಪಂದ್ಯಕ್ಕೆ? ಗುರುವಾರ ಮಧ್ಯಾಹ್ನ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕೂತೆ.

"ಅದು ಬಿಳೀ ಬಟ್ಟೆ ಕಣೇ" ಎಂದರು ಯಜಮಾನರು ಪೇಪರಿನ ಹಿಂದಿನಿಂದ.

"ಒಂದೊಂದು ಚುಕ್ಕೆ. ಒಳಗಿನ ಅಂಚಿಗೆ. ಯಾರಿಗೂ ಕಾಣಲ್ಲ. ಕಲೆಯಾದೀತು ಅಂತ ಕುಂಕುಮಾನೂ ಬಿಟ್ಟಿದೀನಿ, ಗೊತ್ತಾ?"

"ಓಹೋ. ಭಾಳ ಮುಂಜಾಗ್ರತೆ."

ಆ ವ್ಯಂಗ್ಯವನ್ನು ಗಮನಿಸಿಟ್ಟುಕೊಂಡೆ. ಎಲ್ಲ ಅಂಗಿಗಳಿಗೂ ಚುಕ್ಕೆಯಿಟ್ಟು, ನೀಟಾಗಿ ಮಡಿಸಿ, ಒಂದರ ಮೇಲೊಂದು ಪೇರಿಸಿ, ಸುಕ್ಕಾಗದಿರಲೆಂದು ಮೇಲೆ ಚಪಾತಿ ಮಣೆಯನ್ನೂ, ಅದರ ಮೇಲೆ ತುಂಬಿದ ಕುಕ್ಕರನ್ನೂ ಹೇರಿದೆ. ಚುಕ್ಕೆಗಳು ಒಣಗಿದ್ದವೇ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಒಣಗಿರಲಿಲ್ಲ! ಶುಕ್ರವಾರ ಬೆಳಗ್ಗೆ ತೆಗೆದು ನೋಡಿದರೆ ಪ್ರತಿ ಅಂಗಿಯ ಚುಕ್ಕೆಯೂ ಕೆಳಗಿನ ಅಂಗಿಯನ್ನು ಹೊಕ್ಕು ಅಲ್ಲಿಂದ ಮುಂದಕ್ಕೆ ಪ್ರಯಾಣ ಬೆಳೆಸಿತ್ತು. ಎದೆಯ ಮೇಲೆ, ತೋಳಿನ ಮೇಲೆ, 'ನಿಧಿ' ಎಂಬ ಹೆಸರಿನ ಪಕ್ಕದಲ್ಲಿ, ಎಲ್ಲೆಲ್ಲೂ ಹಳದಿ. ಮನೆಯಲ್ಲಿ ನಾವಿಬ್ಬರೇ. ಶುಭಾ ಕೆಲಸಕ್ಕೆ, ನಿಧಿ ಕಾಲೇಜಿಗೆ ಹೋಗಿಯಾಗಿತ್ತು. ಸಂಜೆಯೊಳಗೆ ಎಲ್ಲ ಸರಿಪಡಿಸಿಬಿಡಬಹುದು. ಊರಿಂದ ತಂದಿದ್ದ ಬಟ್ಟೆ ಸೋಪು ತೆಗೆದು ಬಲವಾಗಿ ಉಜ್ಜಿದೆ.

ಹಳದಿ ಚುಕ್ಕೆಗಳು ರಕ್ತಗೆಂಪಾದವು!

ಇಲ್ಲೊಂದು ವಿಷಯವನ್ನು ನಿವೇದಿಸಲೇಬೇಕು. ಅರಿಶಿನವು ಕ್ಷಾರದಲ್ಲಿ ಕೆಂಪಾಗುತ್ತದೆ, ಸೋಪು ಕ್ಷಾರ. ಈ ಪ್ರಯೋಗವನ್ನು ನಾನು ವರ್ಷಾನುಗಟ್ಟಲೆ ವಿದ್ಯಾರ್ಥಿಗಳಿಗೆ ಮಾಡಿ ತೋರಿಸಿದ್ದೇನೆ. ಬಣ್ಣ ತಪ್ಪು ಬರೆದವರಿಗೆ ಅಂಕ ಕಳೆದಿದ್ದೇನೆ. ಒಬ್ಬ ಹುಡುಗಿಯನ್ನು "ಇಷ್ಟೂ ಗೊತ್ತಿಲ್ಲದೆ ನಾಳೆ ಬಟ್ಟೆ ಹೇಗಮ್ಮ ಒಗೀತೀಯ?" ಎಂದು ತರಗತಿಯ ಮುಂದೆ ಕೇಳಿದ್ದೇನೆ. ಈಗ ಆಲ್ಮೆರೆಯ ಬಚ್ಚಲಲ್ಲಿ, ಕೊಲೆ ನಡೆದಂತಿದ್ದ ಬಟ್ಟೆಗಳ ನಡುವೆ ನಿಂತು ನನಗೆ ನಾನೇ ಸೊನ್ನೆ ಹಾಕಿಕೊಂಡೆ.

ಆದರೆ ಶಾಸ್ತ್ರ ಬಲ್ಲವಳಿಗೆ ಪರಿಹಾರವೂ ಗೊತ್ತಿರುತ್ತದೆ. ಆಮ್ಲ ಹಾಕಿದರೆ ಕೆಂಪು ಹೋಗುತ್ತದೆ. ಮನೆಯಲ್ಲಿದ್ದ ನಿಂಬೆಹಣ್ಣುಗಳನ್ನೆಲ್ಲ ಹಿಂಡಿದೆ. ಕೆಂಪು ಹೋಯಿತು. ಹಳದಿ ಮರಳಿ ಬಂತು. ಮೊದಲಿಗಿಂತ ಉತ್ಸಾಹದಿಂದ, ಮೊದಲಿಗಿಂತ ವಿಶಾಲವಾಗಿ.

ಯಜಮಾನರು ಬಾಗಿಲಲ್ಲಿ ನಿಂತು ಇಣುಕಿದರು. "ಅರಿಶಿನ ಆಯ್ತು, ನಿಂಬೆಹಣ್ಣೂ ಆಯ್ತು. ಇನ್ನೊಂದು ಒಗ್ಗರಣೆ ಹಾಕಿಬಿಡು, ಚಿತ್ರಾನ್ನ ರೆಡಿ."

"ನೀವು ಸುಮ್ನೆ ಹೋಗಿ ಬಿಸಿಲು ಬಂದಿದ್ಯಾ ನೋಡಿ!"

ಮೈಸೂರಾಗಿದ್ದರೆ ಒಂದು ಮಧ್ಯಾಹ್ನದ ಬಿಸಿಲು ಸಾಕಿತ್ತು. ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಯವಾಗುತ್ತದೆ. ಹಿತ್ತಲ ಹಗ್ಗದ ಮೇಲೆ ಅಂಗಿಗಳನ್ನು ಹರವಿ ಆಕಾಶ ನೋಡುತ್ತ ಕೂತೆ. ಸೂರ್ಯ ಒಮ್ಮೆ ಇಣುಕಿದ. ಅಂಗಿಗಳನ್ನು ಕಂಡ. ಹೊರಟುಹೋದ. ತುಂತುರು ಶುರುವಾಯಿತು.

ಆಗಲೇ ನನಗೆ ಆ ಮಹಾ ಉಪಾಯ ಹೊಳೆದದ್ದು. ಕಲೆ ಎಂದರೇನು? ಅಲ್ಲಲ್ಲಿ ಇರುವ ಬಣ್ಣ. ಅದೇ ಬಣ್ಣ ಎಲ್ಲೆಡೆಯೂ ಸಮವಾಗಿದ್ದರೆ ಅದು ಕಲೆಯಲ್ಲ, ಸಮಾನತೆ! ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಮನೆಯಲ್ಲಿದ್ದ ಅರಿಶಿನವನ್ನೆಲ್ಲ ಸುರಿದು, ಅಂಗಿಗಳನ್ನು ಒಂದೊಂದಾಗಿ ಅದ್ದಿ ತೆಗೆದೆ. ಆಹಾ! ಚೆಂಡುಹೂವಿನ ತೋಟದಂತೆ ಕಂಗೊಳಿಸಿದವು. ಹೆಸರುಗಳು ನೀಲಿಯಲ್ಲಿ ಎದ್ದು ಕಾಣುತ್ತಿದ್ದವು.

ಶುಭಾ ಬಂದವಳು ಬಾಗಿಲಲ್ಲೇ ನಿಂತಳು. "ಅಮ್ಮಾ... ಏನಮ್ಮಾ ಇದು? ಅವಳ ಮೊದಲ ಮ್ಯಾಚ್ ನಾಳೆ!"

ಹಿಂದೆಯೇ ನಿಧಿ ಬಂದಳು. ತನ್ನ ಅಂಗಿಯನ್ನು ಎತ್ತಿಕೊಂಡು ಹೆಸರಿನ ಮೇಲೆ ಬೆರಳಾಡಿಸಿದಳು. ಕೊನೆಗೆ ಅವಳು ಫೋಟೋ ತೆಗೆದು ಗೆಳತಿಯರಿಗೆ ಕಳುಹಿಸಿದಳು. ಫೋನು ಟಿಣ್ ಟಿಣ್ ಎಂದಿತು.

"ದೇ ಲವ್ ಇಟ್, ಅಜ್ಜಿ! ಬಿಳೀದು ಬೋರಿಂಗ್ ಆಗಿತ್ತಂತೆ. ನನ್ನ ಸೈಜು, ನನ್ನ ಹೆಸರು. ಬಣ್ಣ ಹೋದ್ರೆ ಹೋಗ್ಲಿ ಬಿಡು."

ನಾನು ಯಜಮಾನರ ಕಡೆ ಒಂದು ನೋಟ ಬೀರಿದೆ. ಆ ನೋಟದಲ್ಲಿ ಒಂದು ಪೂರ್ಣ ಭಾಷಣವಿತ್ತು.

ಶನಿವಾರ ಮೈದಾನದಲ್ಲಿ ನಮ್ಮ ಹುಡುಗಿಯರು ಹಳದಿ ಅಂಗಿ ತೊಟ್ಟು ಸಾಲಾಗಿ ನಿಂತಾಗ ನನ್ನ ಕಣ್ಣು ತುಂಬಿ ಬಂತು. ನಂಜುಂಡನಿಗೆ ಕೊನೆಗೂ ಉತ್ತರ ದೊರಕಿತ್ತು! ಅಷ್ಟರಲ್ಲಿ ಎದುರಾಳಿ ತಂಡದ ಬಸ್ಸು ಬಂತು. ಹುಡುಗಿಯರು ಇಳಿದರು. ಒಬ್ಬಳು, ಇಬ್ಬರು, ಎಲ್ಲರೂ.

ಹಳದಿ. ಥೇಟ್ ನಮ್ಮದೇ ಹಳದಿ!

ತೀರ್ಪುಗಾರ್ತಿ ಎರಡೂ ತಂಡಗಳನ್ನು ನೋಡಿ ತಲೆಯಾಡಿಸಿದಳು. ಒಂದೇ ಬಣ್ಣದಲ್ಲಿ ಆಡುವಂತಿಲ್ಲ, ಆತಿಥೇಯರು ಬದಲಾಯಿಸಬೇಕು. ಅವಳು ಗಂಡಸಾಗಿದ್ದರೆ ನನ್ನ ಬಳಿ ಮಾತು ಸಿದ್ಧವಿತ್ತು. ಹೆಣ್ಣುಮಗಳು. ಬಂದ ಅತಿಥಿಗಳಿಗೆ 'ನೀವೇ ಬಟ್ಟೆ ಬದಲಿಸಿ' ಎನ್ನಲು ನನ್ನ ಸಂಸ್ಕಾರ ಅಡ್ಡಬಂತು. ಬಿಳಿ ಅಂಗಿಯಲ್ಲಿ ನಿಂತಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

ವಿಲ್ಲೆಮ್ ಉಗ್ರಾಣದಿಂದ ಒಂದು ಚೀಲ ಹೊತ್ತು ತಂದರು. ಅದರೊಳಗೆ ಏನಿತ್ತೆಂದು ನಾನು ಹೇಳಬೇಕಾಗಿಲ್ಲ.

ನಿಧಿ ತನ್ನ ಹೆಸರಿನ ಅಂಗಿಯನ್ನು ಕಳಚಿ, ಮಡಿಸಿ, ನನ್ನ ಕೈಗಿತ್ತು, ಸ್ವೆನ್‌ನೊಳಗೆ ತೂರಿಕೊಂಡಳು. "ಪರ್ವಾಗಿಲ್ಲ ಬಿಡು ಅಜ್ಜಿ" ಎಂದಳು. ಆ ಪರವಾಗಿಲ್ಲವನ್ನು ನಾನು ಈವರೆಗೆ ಕೂಡಿಟ್ಟ ಎಲ್ಲ ಅವಮಾನಗಳ ಪಕ್ಕದಲ್ಲಿಟ್ಟು ತೂಗಿದ್ದೇನೆ. ಇದೇ ಭಾರ.

ಮೊದಲರ್ಧದಲ್ಲಿ ಅಂಗಿಯ ಬಾಲ ಎರಡು ಸಲ ಎದುರಾಳಿಗಳ ಕೈಗೆ ಸಿಕ್ಕಿತು. ವಿರಾಮದಲ್ಲಿ ನನಗೆ ತಡೆಯಲಾಗಲಿಲ್ಲ. ಬಳೆಗೆ ಸದಾ ಸಿಕ್ಕಿಸಿಕೊಂಡಿರುವ ಪಿನ್ನುಗಳನ್ನು ತೆಗೆದು, ಮೈದಾನಕ್ಕೆ ನುಗ್ಗಿ, ನಿಧಿಯ ಅಂಗಿಯನ್ನು ಹಿಂದಿನಿಂದ ನೆರಿಗೆ ಹಿಡಿದು ಬಿಗಿದೆ. ಶಿಳ್ಳೆ ಕೇಳಿಸಿತು. ಒಬ್ಬರ ಮೇಲೊಬ್ಬರು ಬೀಳುವ ಆಟದಲ್ಲಿ ಪಿನ್ನು! ತೀರ್ಪುಗಾರ್ತಿ ಪಿನ್ನುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ನನ್ನ ಭುಜ ಹಿಡಿದು ಗೆರೆಯಾಚೆ ಬಿಟ್ಟುಬಂದಳು. ನನ್ನ ಥ್ರೋಬಾಲ್ ಜೀವನದಲ್ಲೂ ಯಾರೂ ನನ್ನನ್ನು ಮೈದಾನದಿಂದ ಹೊರಹಾಕಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ನಿಧಿಗೆ ಚೆಂಡು ಸಿಕ್ಕಿತು. ಎಲ್ಲರನ್ನೂ ಹಿಂದಿಕ್ಕಿ ಓಡಿದಳು. ಗೆರೆ ಮುಟ್ಟಿದರೆ ಗೆಲುವು. ನಾನು ಸೆರಗು ಕಟ್ಟಿ ಕೂಗುತ್ತಿದ್ದೆ. ಆಗ ಹಿಂದೆ ಹಾರಾಡುತ್ತಿದ್ದ ಆ ಅಂಚನ್ನು ಒಂದು ಕೈ ಹಿಡಿಯಿತು.

ಸೋತೆವು.

ಪಂದ್ಯ ಮುಗಿದ ಮೇಲೆ ವಿಲ್ಲೆಮ್ ನನ್ನ ಬಳಿ ಬಂದರು. "ಮೆವ್ರೌ, ನೀವು ಹೇಳಿದ್ದು ಪೂರ್ತಿ ಸರಿ. ಈ ಅಂಗಿಗಳಿಂದಲೇ ಹುಡುಗಿಯರು ಸೋತರು. ಇವತ್ತು ಎಲ್ಲರೂ ಕಣ್ಣಾರೆ ನೋಡಿದರು. ಹಳೆಯವನ್ನು ಇಂದೇ ಎಸೆಯುತ್ತೇನೆ. ಅವರಿಗೆ ಎರಡನೇ ಜೊತೆ ಹೊಸ ಅಂಗಿ ಮಾಡಿಸುತ್ತೇನೆ." ಸ್ವಲ್ಪ ತಡೆದು, "ಅವು ನನ್ನ ಮನೆಯಲ್ಲಿರುತ್ತವೆ" ಎಂದರು.

ನನ್ನ ವಾದ ಗೆದ್ದಿತ್ತು. ಸಾಕ್ಷ್ಯ ಒದಗಿಸಲು ನಾನು ಮೊಮ್ಮಗಳನ್ನು ಪಂದ್ಯದಲ್ಲಿ ಸೋಲಿಸಬೇಕಾಯಿತು, ಅಷ್ಟೇ. ವಿಲ್ಲೆಮ್ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಈ ಸಲ ಮುಚ್ಚಳ ಹಾಕಲಿಲ್ಲ! ನನ್ನ ಮುಖ ಎರಡನೇ ಬಿಸ್ಕತ್ತು ಕೊಡುವಷ್ಟು ಕೆಟ್ಟಿತ್ತೆಂದು ಆಗ ತಿಳಿಯಿತು.

ಕಾರಿನಲ್ಲಿ ಮನೆಗೆ ಹೊರಟೆವು. ಆಲ್ಮೆರೆ ಹತ್ತಿರವಾದಾಗ ನಿಧಿ ಕೆಸರು ಕೆನ್ನೆಯನ್ನು ನನ್ನ ಭುಜಕ್ಕೊರಗಿಸಿ, "ಅಜ್ಜಿ, ನೆಕ್ಸ್ಟ್ ಟೈಮ್ ಬ್ಲೆಸಿಂಗ್ಸ್ ಬಾಯಲ್ಲೇ ಹೇಳಿಬಿಡು, ಆಯ್ತಾ?" ಎಂದಳು. "ಈಗ ಹಸಿವು. ಚಿತ್ರಾನ್ನ ಮಾಡ್ತೀಯಾ?"

ಮುಂದಿನ ಸೀಟಿನಲ್ಲಿ ಯಜಮಾನರ ಭುಜಗಳು ಕುಲುಕುತ್ತಿದ್ದವು. ಅದನ್ನು ನಾನು ಮರೆಯುವುದಿಲ್ಲ.

ಮನೆಗೆ ಬಂದು, ಅನ್ನ ಮಾಡಿ, ಒಗ್ಗರಣೆಗಿಟ್ಟು, ಅರಿಶಿನದ ಡಬ್ಬಿ ತೆರೆದೆ. ತಳ ಕಾಣುತ್ತಿತ್ತು. ನಿಂಬೆಹಣ್ಣಿನ ಬುಟ್ಟಿಯೂ ಬರಿದು. ಹಾಗೆಯೇ ಕಲಸಿ ಬಡಿಸಿದೆ. ಮೊಮ್ಮಗಳ ತಂಡದ ಅಂಗಿಗಳನ್ನು ಕಾಯಲು ಒಪ್ಪಿಕೊಂಡ ನಮ್ಮ ಮನೆಯಲ್ಲಿ, ಆ ದಿನ ಬಿಳಿಯಾಗಿ ಉಳಿದದ್ದು ನನ್ನ ಚಿತ್ರಾನ್ನ ಒಂದೇ!